ಕುರಿಯ ತುರಿಕೆ, ಮನುಷ್ಯನ ನಡುಕ

ಪಪುವಾ ನ್ಯೂಗಿನಿಯ ಪೂರ್ವದ ಗುಡ್ಡಗಾಡಿನಲ್ಲಿ ಫೋರೆ ಎಂಬ ಜನಾಂಗವಿದೆ. 1950ರ ದಶಕದಲ್ಲಿ ಅಲ್ಲಿನ ಹಳ್ಳಿಗಳ ಹೆಂಗಸರು ಮತ್ತು ಮಕ್ಕಳು ವಿಚಿತ್ರ ಕಾಯಿಲೆಯೊಂದಕ್ಕೆ ಬಲಿಯಾಗುತ್ತಿದ್ದರು. ಮೊದಲು ಹೆಜ್ಜೆ ತಪ್ಪುತ್ತಿತ್ತು, ಆಮೇಲೆ ಮೈಯೆಲ್ಲ ನಡುಗುತ್ತಿತ್ತು. ಕೆಲವರು ಕಾರಣವಿಲ್ಲದೆ ನಗುತ್ತಿದ್ದರು. ಕೊನೆಗೆ ಕೂರಲೂ ನುಂಗಲೂ ಆಗದೆ, ಬಹುತೇಕ ಒಂದು ವರ್ಷದ ಆಸುಪಾಸಿನಲ್ಲಿ ಸಾಯುತ್ತಿದ್ದರು. ಫೋರೆ ಜನ ಇದನ್ನು ‘ಕುರು’ ಎಂದರು. ಅವರ ಭಾಷೆಯಲ್ಲಿ ಹಾಗೆಂದರೆ ನಡುಕ. ಯಾರೋ ಮಾಟ ಮಾಡಿದ್ದಾರೆ ಎಂಬುದು ಅವರ ನಂಬಿಕೆಯಾಗಿತ್ತು.

1957ರಲ್ಲಿ ವೈದ್ಯಾಧಿಕಾರಿ ವಿನ್ಸೆಂಟ್ ಜಿಗಾಸ್ ಜತೆಗೂಡಿ ಅಮೆರಿಕದ ವೈದ್ಯ ವಿಜ್ಞಾನಿ ಕಾರ್ಲ್‌ಟನ್ ಗೈಡುಸೆಕ್ ಈ ರೋಗದ ಅಧ್ಯಯನಕ್ಕೆ ಇಳಿದರು. ರೋಗಿಗಳಲ್ಲಿ ಸೋಂಕಿನ ಜ್ವರವಿರಲಿಲ್ಲ. ಮಿದುಳಿನಲ್ಲಿ ಉರಿಯೂತದ ಗುರುತಿರಲಿಲ್ಲ. ಒಂದೇ ಕುಟುಂಬದಲ್ಲಿ ಹಲವರು ಸಾಯುತ್ತಿದ್ದುದರಿಂದ ಇದು ವಂಶಪಾರಂಪರ್ಯ ಕಾಯಿಲೆ ಇರಬಹುದೆಂಬ ಊಹೆ ಬಲವಾಯಿತು.

ಒಗಟು ಬಿಡಿಸುವ ಸುಳಿವು ಕೊಟ್ಟವರು ಮಾತ್ರ ಮನುಷ್ಯರ ವೈದ್ಯರಲ್ಲ, ಒಬ್ಬ ಪಶುವೈದ್ಯ.

ಯುರೋಪಿನ ಕುರಿಗಾಹಿಗಳಿಗೆ 18ನೇ ಶತಮಾನದಿಂದಲೂ ‘ಸ್ಕ್ರೇಪಿ’ ಎಂಬ ರೋಗ ಗೊತ್ತಿತ್ತು. ರೋಗ ತಗಲಿದ ಕುರಿ ತುರಿಕೆ ತಾಳಲಾರದೆ ಬೇಲಿಗೆ ಮೈ ಉಜ್ಜಿ ಉಜ್ಜಿ ಉಣ್ಣೆ ಕಿತ್ತುಕೊಳ್ಳುತ್ತದೆ. ಬೆದರುತ್ತದೆ, ತೂರಾಡುತ್ತದೆ, ಕೊನೆಗೆ ಸಾಯುತ್ತದೆ. ಇದು ಅಂಟುರೋಗ ಎಂಬುದನ್ನು 1936ರಲ್ಲಿ ಫ್ರಾನ್ಸಿನ ಪಶುವೈದ್ಯರಾದ ಕುಯಿಯೆ ಮತ್ತು ಶೆಲ್ ತೋರಿಸಿಕೊಟ್ಟರು. ರೋಗಿ ಕುರಿಯ ನರಮಂಡಲದ ಅಂಶವನ್ನು ಆರೋಗ್ಯವಂತ ಕುರಿಗಳಿಗೆ ಚುಚ್ಚಿ ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದರು. ಆಮೇಲೆ ರೋಗ ಕಾಣಿಸಿತು.

ಅಮೆರಿಕದ ಪಶುವೈದ್ಯ ವಿಲಿಯಂ ಹ್ಯಾಡ್ಲೊ 1959ರಲ್ಲಿ ಇಂಗ್ಲೆಂಡಿನ ಕಾಂಪ್ಟನ್‌ನಲ್ಲಿ ಇದೇ ಸ್ಕ್ರೇಪಿಯ ಅಧ್ಯಯನದಲ್ಲಿದ್ದರು. ಲಂಡನ್ನಿನ ವೆಲ್ಕಂ ವೈದ್ಯಕೀಯ ಸಂಗ್ರಹಾಲಯದಲ್ಲಿ ಕುರು ಬಗ್ಗೆ ಪ್ರದರ್ಶನವಿದೆ ಎಂದು ಗೆಳೆಯರೊಬ್ಬರಿಂದ ತಿಳಿದು ನೋಡಲು ಹೋದರು. ಕುರು ರೋಗಿಗಳ ಮಿದುಳಿನ ಚಿತ್ರಗಳಲ್ಲಿ ನರಕೋಶಗಳ ಒಳಗೆ ಸ್ಪಂಜಿನಂತೆ ತೂತುಗಳಿದ್ದವು. ಕುರಿಗಳ ಮಿದುಳಿನಲ್ಲಿ ಅವರು ದಿನವೂ ನೋಡುತ್ತಿದ್ದುದು ಅದನ್ನೇ.

ಅದೇ ಸೆಪ್ಟೆಂಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ಪತ್ರ ಪ್ರಕಟವಾಯಿತು. ಎರಡೂ ರೋಗಗಳ ಹೋಲಿಕೆಯನ್ನು ವಿವರಿಸಿ, ವಾನರ ಜಾತಿಯ ಪ್ರಾಣಿಗೆ ಕುರು ಅಂಟಿಸಿ ದೀರ್ಘಕಾಲ ಕಾದು ನೋಡುವಂತೆ ಅವರು ಸಲಹೆ ಮಾಡಿದ್ದರು. ಗೈಡುಸೆಕ್ ತಂಡ 1963ರಲ್ಲಿ ಚಿಂಪಾಂಜಿಗಳ ಮೇಲೆ ಈ ಪ್ರಯೋಗ ಆರಂಭಿಸಿತು. ಸುಮಾರು ಎರಡು ವರ್ಷಗಳ ನಂತರ ಚಿಂಪಾಂಜಿಗಳು ನಡುಗತೊಡಗಿದವು. ಕುರು ಅಂಟುರೋಗ ಎಂಬುದು ಖಚಿತವಾಯಿತು. ಗೈಡುಸೆಕ್‌ಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಹರಡಿದ್ದು ಹೇಗೆ? ಸತ್ತ ಬಂಧುವಿನ ದೇಹವನ್ನು ತಿನ್ನುವುದು ಫೋರೆ ಜನರ ಅಂತ್ಯಸಂಸ್ಕಾರದ ಪದ್ಧತಿಯಾಗಿತ್ತು. ಅಗಲಿದವರ ಮೇಲಿನ ಪ್ರೀತಿಯಿಂದ ನಡೆಯುತ್ತಿದ್ದ ಆಚರಣೆ ಅದು. ಮಿದುಳು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳ ಪಾಲಿಗೆ ಬರುತ್ತಿತ್ತು. ಸರ್ಕಾರದ ನಿಷೇಧದಿಂದ 1960ರ ವೇಳೆಗೆ ಪದ್ಧತಿ ನಿಂತಿತು. ಆನಂತರ ಹುಟ್ಟಿದ ಮಕ್ಕಳಿಗೆ ಕುರು ಬರಲಿಲ್ಲ. ಆದರೆ ಮೊದಲೇ ಸೋಂಕು ತಗಲಿದ್ದ ಕೆಲವರಲ್ಲಿ ಅದು 40 ವರ್ಷಗಳ ಬಳಿಕವೂ ತಲೆಯೆತ್ತಿತು.

ಪ್ರಾಣಿ ಮತ್ತು ಮನುಷ್ಯರ ರೋಗಗಳ ಹೋಲಿಕೆ ಇಲ್ಲಿ ದಾರಿ ತೋರಿಸಿತು. ಮೂರು ದಶಕಗಳ ನಂತರ ಅಂಥದೇ ಇನ್ನೊಂದು ಹೋಲಿಕೆ ದಾರಿ ತಪ್ಪಿಸಿತು.

ಬ್ರಿಟನ್ನಿನಲ್ಲಿ 1986ರಲ್ಲಿ ತೂರಾಡಿ ಬೀಳುವ ಹಸುಗಳು ಪಶುವೈದ್ಯರ ಗಮನಕ್ಕೆ ಬಂದವು. ಅವುಗಳ ಮಿದುಳಿನಲ್ಲೂ ಅದೇ ಸ್ಪಂಜಿನ ತೂತುಗಳು. ಜನ ಅದಕ್ಕೆ ‘ಹುಚ್ಚು ಹಸು ರೋಗ’ ಎಂದರು. ಸತ್ತ ಜಾನುವಾರುಗಳ ಮಾಂಸ, ಮೂಳೆಯ ಪುಡಿಯನ್ನು ಹಸುಗಳಿಗೇ ಮೇವಾಗಿ ಹಾಕಿದ್ದು ರೋಗ ಹರಡಲು ಕಾರಣವಾಗಿತ್ತು. 1988ರಲ್ಲಿ ಆ ಮೇವನ್ನು ನಿಷೇಧಿಸಲಾಯಿತು. ಮನುಷ್ಯರ ಗತಿಯೇನು ಎಂಬ ಪ್ರಶ್ನೆಗೆ 1989ರ ಸೌತ್‌ವುಡ್ ಸಮಿತಿ ಸ್ಕ್ರೇಪಿಯ ಕಡೆ ನೋಡಿತು. ಇನ್ನೂರು ವರ್ಷಗಳಿಂದ ಕುರಿಮಾಂಸ ತಿಂದವರಿಗೆ ಏನೂ ಆಗಿಲ್ಲವಾದ್ದರಿಂದ ದನದ ಮಾಂಸದಿಂದಲೂ ಅಪಾಯವಾಗುವ ಸಂಭವ ಬಹಳ ಕಡಿಮೆ ಎಂದಿತು. ಈ ಅಂದಾಜು ತಪ್ಪಾದರೆ ಪರಿಣಾಮ ಅತ್ಯಂತ ಗಂಭೀರ ಎಂದೂ ವರದಿ ಎಚ್ಚರಿಸಿತ್ತು. ನೆಮ್ಮದಿಯ ಮಾತು ಎಲ್ಲರ ಕಿವಿಗೂ ಬಿತ್ತು; ಎಚ್ಚರಿಕೆ ಹಿಂದೆ ಸರಿಯಿತು. 1990ರಲ್ಲಿ ಒಂದು ಬೆಕ್ಕಿಗೆ ಇಂಥದೇ ರೋಗ ಕಾಣಿಸಿತು. ಅದೇ ವರ್ಷ ಕೃಷಿ ಸಚಿವ ಜಾನ್ ಗಮ್ಮರ್ ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ದನದ ಮಾಂಸದ ಬರ್ಗರ್ ತಿನ್ನಿಸಲು ಹೋದರು.

1996ರ ಮಾರ್ಚ್ 20ರಂದು ಬ್ರಿಟನ್ ಸರ್ಕಾರ ಸಂಸತ್ತಿನಲ್ಲಿ ಸತ್ಯ ಒಪ್ಪಿಕೊಳ್ಳಬೇಕಾಯಿತು. ಹತ್ತು ಮಂದಿಗೆ ಹೊಸ ಬಗೆಯ ಮಿದುಳು ರೋಗ ಬಂದಿತ್ತು, ಅದಕ್ಕೆ ಹಸುವಿನ ರೋಗವೇ ಕಾರಣವಾಗಿರುವ ಸಾಧ್ಯತೆ ಹೆಚ್ಚಿತ್ತು. ರೋಗಿಗಳೆಲ್ಲ ಚಿಕ್ಕ ವಯಸ್ಸಿನವರು. ಮುಂದೆ ಆ ದೇಶವೊಂದರಲ್ಲೇ 178 ಮಂದಿ ಈ ರೋಗಕ್ಕೆ ಬಲಿಯಾದರು. ಲಕ್ಷಾಂತರ ದನಗಳನ್ನು ಕೊಲ್ಲಲಾಯಿತು.

ಈ ರೋಗಗಳ ಮೂಲ ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಮಡಿಕೆ ತಪ್ಪಿದ ಒಂದು ಪ್ರೋಟೀನು ಪಕ್ಕದ ಪ್ರೋಟೀನನ್ನೂ ತನ್ನಂತೆಯೇ ಕೆಡಿಸುತ್ತಾ ಹೋಗುತ್ತದೆ. ಅಮೆರಿಕದ ಸ್ಟಾನ್ಲಿ ಪ್ರುಸಿನರ್ 1982ರಲ್ಲಿ ಅದಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟರು. 1997ರಲ್ಲಿ ಅವರಿಗೂ ನೊಬೆಲ್ ಬಂತು. ಒಂದು ಜಾತಿಯ ಪ್ರಿಯಾನ್ ಇನ್ನೊಂದು ಜಾತಿಗೆ ದಾಟುತ್ತದೆಯೇ ಎಂಬುದು ಎರಡರ ಪ್ರೋಟೀನುಗಳ ರಚನೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಕುರಿಯಿಂದ ದಾಟದ್ದು ಹಸುವಿನಿಂದ ದಾಟಿದ್ದು ಇದಕ್ಕೇ.

ಉತ್ತರ ಅಮೆರಿಕದ ಜಿಂಕೆಗಳಲ್ಲಿ ಈಗ ಇದೇ ಜಾತಿಯ ರೋಗ ಹರಡುತ್ತಿದೆ. ಮನುಷ್ಯರಿಗೆ ಅದು ದಾಟಿದ ದೃಢವಾದ ಪುರಾವೆ ಇಲ್ಲ. ಹಾಗಿದ್ದರೂ ರೋಗ ತಗಲಿದ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಅಲ್ಲಿನ ಆರೋಗ್ಯ ಇಲಾಖೆಗಳು ಬೇಟೆಗಾರರಿಗೆ ಹೇಳುತ್ತಿವೆ. ಹ್ಯಾಡ್ಲೊ ತಾವು ಕಂಡ ಹೋಲಿಕೆಯನ್ನು ಪರೀಕ್ಷಿಸಿ ನೋಡಿ ಎಂದಿದ್ದರು. ಬ್ರಿಟನ್ ತಾನು ಕಂಡ ಹೋಲಿಕೆಯನ್ನೇ ಉತ್ತರವೆಂದು ನಂಬಿತು. ಜಿಂಕೆಯ ವಿಷಯದಲ್ಲಿ ಆ ತಪ್ಪು ಮರುಕಳಿಸದಂತೆ ಈಗ ಎಚ್ಚರ ವಹಿಸಲಾಗುತ್ತಿದೆ.