ತರತಮದ ಎರಡು ದಾರಿಗಳು

ಗಡಿನಾಡಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದ ನಮಗೆಲ್ಲ ಚಿರಪರಿಚಿತವಾದ ತಪ್ಪೊಂದುಂಟು. 'ಟಾಲರ್' ಎನ್ನಬೇಕಾದಲ್ಲಿ ಮಕ್ಕಳು 'ಮೋರ್ ಟಾಲರ್' ಎಂದು ಬರೆಯುತ್ತಾರೆ. ಕೆಂಪು ಶಾಯಿ ಅದರ ಮೇಲೆ ಹರಿಯುತ್ತದೆ. ಆದರೆ ಆ ತಪ್ಪಿಗೂ ಒಂದು ಇತಿಹಾಸವಿದೆ.

ಕನ್ನಡದಲ್ಲಿ ಹೋಲಿಕೆಗಾಗಿ ಗುಣವಾಚಕವು ರೂಪ ಬದಲಿಸುವುದಿಲ್ಲ. 'ರಾಮನಿಗಿಂತ ಭೀಮ ಎತ್ತರ' ಎಂದರೆ ಹೋಲಿಕೆಯಾಯಿತು. 'ಎಲ್ಲರಿಗಿಂತ' ಎಂದರೆ ಅತಿಶಯವೂ ಆಯಿತು. ತಮಿಳಿನ 'ವಿಡ', ತೆಲುಗಿನ 'ಕಂಟೆ', ಮಲಯಾಳದ 'ಕಾಳ್', ಮರಾಠಿಯ 'ಪೇಕ್ಷಾ' ಇದೇ ಕೆಲಸವನ್ನು ಮಾಡುತ್ತವೆ. ಆದ್ದರಿಂದ ಗಡಿಯ ಯಾವ ಮಗ್ಗುಲಿನ ಮಗುವಿಗಾದರೂ ಇಂಗ್ಲಿಷಿನ ಕ್ರಮ ಹೊಸದೇ.

ಹಳೆಯ ಇಂಗ್ಲಿಷಿನಲ್ಲಿ ಮುಖ್ಯವಾಗಿದ್ದುದು ಪ್ರತ್ಯಯದ ದಾರಿ. ಇಂದಿನ 'ಅರ್', 'ಎಸ್ಟ್'ಗಳು ಅದರ ಉಳಿಕೆ. ಈ 'ಎಸ್ಟ್' ಸಂಸ್ಕೃತದ 'ಇಷ್ಠ' ಪ್ರತ್ಯಯದ ಜ್ಞಾತಿ. ಜ್ಯೇಷ್ಠ, ಕನಿಷ್ಠ, ಶ್ರೇಷ್ಠ ಎಂಬ ಪದಗಳಲ್ಲಿ ಅದು ನಮ್ಮ ನಾಲಗೆಯ ಮೇಲೂ ಇದೆ. 'ಮೋರ್', 'ಮೋಸ್ಟ್' ಎಂಬ ಬಿಡಿಪದಗಳ ದಾರಿ ಬಲಗೊಂಡದ್ದು 13ನೆಯ ಶತಮಾನದ ಈಚೆಗೆ. ಫ್ರೆಂಚ್, ಲ್ಯಾಟಿನ್‌ಗಳಿಂದ ಬಂದ ಉದ್ದನೆಯ ಪದಗಳಿಗೆ ಅದು ಚೆನ್ನಾಗಿ ಒಗ್ಗಿತು. ಹೀಗೆ 'ಟಾಲ್' 'ಟಾಲರ್' ಆಯಿತು. 'ಬ್ಯೂಟಿಫುಲ್'ಗೆ 'ಮೋರ್' ಬೇಕಾಯಿತು. ಕ್ರಿಯಾವಿಶೇಷಣಗಳಲ್ಲಿಯೂ 'ಫಾಸ್ಟ್' 'ಫಾಸ್ಟರ್' ಆದರೆ, 'ಸ್ಲೋಲಿ' ಎಂಬುದು 'ಮೋರ್ ಸ್ಲೋಲಿ' ಆಗುತ್ತದೆ.

ಎರಡು ದಾರಿಗಳು ಒಂದೇ ಪದದಲ್ಲಿ ಕೂಡಿದ ಕಾಲವೂ ಇತ್ತು. ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಬ್ರೂಟಸನ ಇರಿತವನ್ನು ಬಣ್ಣಿಸುವ ಆಂಟನಿ 'ಮೋಸ್ಟ್', 'ಎಸ್ಟ್' ಎರಡನ್ನೂ ಒಂದೇ ಪದಕ್ಕೆ ಹಚ್ಚುತ್ತಾನೆ. ಇಂತಹ ಇಮ್ಮಡಿ ರೂಪಗಳನ್ನು 18ನೆಯ ಶತಮಾನದ ವೈಯಾಕರಣರು ಖಂಡಿಸಿದರು. 1762ರಲ್ಲಿ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಲೌತ್ ಅವರಲ್ಲಿ ಪ್ರಮುಖ. ಆದರೂ ಕೆಲವು ಉಳಿದುಕೊಂಡವು. 'ಲೆಸ್' ತಾನೇ ಹೋಲಿಕೆಯ ರೂಪ. ಅದರ ಮೇಲೆ ಇನ್ನೊಂದು ಪ್ರತ್ಯಯ ಸೇರಿ 'ಲೆಸರ್' ಆಗಿದೆ. 'ನಿಯರ್' ಕೂಡ ಮೂಲತಃ 'ಹೆಚ್ಚು ಹತ್ತಿರ' ಎಂಬರ್ಥದ ಪದವೇ. ಇಂದು 'ನಿಯರರ್' ಶಿಷ್ಟರೂಪ.

ನಾವಾದರೂ 'ಶ್ರೇಷ್ಠತಮ' ಎನ್ನುತ್ತೇವಲ್ಲವೆ? 'ಶ್ರೇಷ್ಠ'ದಲ್ಲಿಯೇ ಅತಿಶಯವಿದೆ, 'ತಮ' ಅದರ ಮೇಲಿನ ಇನ್ನೊಂದು ಅತಿಶಯ. ಆದುದರಿಂದ ಮಗುವಿನ 'ಮೋರ್ ಟಾಲರ್' ಅನ್ನು ತಿದ್ದೋಣ, ಪರೀಕ್ಷೆಗೆ ಅದು ಅಗತ್ಯ. ಆದರೆ ಅದನ್ನು ದಡ್ಡತನವೆನ್ನದಿರೋಣ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಒಂದು ಭಾಷೆಯ ಅಳತೆಯಿಂದ ಕೀಳೆನಿಸಬಾರದು.