ಇವಾಕುರಾ ನಿಯೋಗ

ಜಪಾನಿನ ಮೇಜಿ ಸರ್ಕಾರ ಅಮೆರಿಕ ಮತ್ತು ಯೂರೋಪಿಗೆ ಕಳುಹಿಸಿದ ರಾಜತಾಂತ್ರಿಕ ಹಾಗೂ ಅಧ್ಯಯನ ನಿಯೋಗ. 1871ರ ಡಿಸೆಂಬರ್ 23ರಂದು ಯೊಕೊಹಾಮಾ ಬಂದರಿನಿಂದ ಹೊರಟು 1873ರ ಸೆಪ್ಟೆಂಬರ್ 13ರಂದು ಅಲ್ಲಿಗೇ ಮರಳಿತು. ಮುಖ್ಯಸ್ಥ ಇವಾಕುರಾ ತೊಮೊಮಿಯಿಂದ (1825-83) ಇದಕ್ಕೆ ಈ ಹೆಸರು ಬಂದಿದೆ. ಅಧಿಕಾರದಲ್ಲಿದ್ದ ನಾಯಕರೇ ಸುಮಾರು ಎರಡು ವರ್ಷ ದೇಶ ಬಿಟ್ಟು ಪರದೇಶಗಳ ಶಾಲೆ, ಕಾರ್ಖಾನೆ, ಸಂಸತ್ತುಗಳನ್ನು ಕಣ್ಣಾರೆ ಕಂಡು ಕಲಿತರು. ಜೊತೆಯಲ್ಲಿ ಹೋದ ವಿದ್ಯಾರ್ಥಿಗಳು ಅಲ್ಲೇ ಉಳಿದು ವರ್ಷಗಟ್ಟಲೆ ಓದಿದರು. ವಿದೇಶ ವ್ಯಾಸಂಗದಿಂದ ಒಂದು ರಾಷ್ಟ್ರದ ನಾಯಕತ್ವ ಹೇಗೆ ರೂಪುಗೊಳ್ಳುತ್ತದೆ ಎಂಬುದಕ್ಕೆ ಆಧುನಿಕ ಚರಿತ್ರೆಯಲ್ಲಿ ಇದು ಬಹು ಮುಖ್ಯವಾದ ನಿದರ್ಶನ. (ಜಪಾನೀ ರೂಢಿಯಂತೆ ಇಲ್ಲಿ ಮನೆತನದ ಹೆಸರನ್ನು ಮೊದಲು ಬಳಸಲಾಗಿದೆ.)

ಹಿನ್ನೆಲೆ

ತೊಕುಗಾವಾ ಆಡಳಿತ 1635ರಲ್ಲಿ ಜಪಾನೀಯರ ಸಮುದ್ರಯಾನವನ್ನು ನಿಷೇಧಿಸಿತು. ಕಡಲು ದಾಟಿ ಮರಳಿದವರಿಗೆ ಮರಣದಂಡನೆ ವಿಧಿಸುವ ಕಟ್ಟಳೆ ಇತ್ತು. ಎರಡು ಶತಮಾನಗಳಿಗೂ ಹೆಚ್ಚು ಕಾಲ ನಡೆದ ಈ ನೀತಿ 1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದಾಗ ಅಲುಗಿತು. 1858ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯ ಮತ್ತು ನೆದರ್ಲೆಂಡ್ಸ್ ದೇಶಗಳೊಡನೆ ಆದ ಒಪ್ಪಂದಗಳು ಸಮಾನರ ನಡುವಿನವಾಗಿರಲಿಲ್ಲ. ಜಪಾನಿನ ನೆಲದಲ್ಲಿ ತಪ್ಪು ಮಾಡಿದ ವಿದೇಶೀಯರನ್ನು ಜಪಾನಿನ ನ್ಯಾಯಾಲಯಗಳು ವಿಚಾರಿಸುವಂತಿರಲಿಲ್ಲ. ಆಮದು ಸುಂಕವನ್ನು ಸ್ವಂತವಾಗಿ ನಿಗದಿ ಮಾಡುವ ಹಕ್ಕೂ ಜಪಾನಿಗೆ ಉಳಿಯಲಿಲ್ಲ.

ನಿಷೇಧ ಇದ್ದಾಗಲೇ ಕೆಲವು ಪ್ರಾಂತ್ಯಗಳು ತಮ್ಮ ತರುಣರನ್ನು ಗುಟ್ಟಾಗಿ ಹೊರಗೆ ಕಳುಹಿಸಿದವು. 1863ರಲ್ಲಿ ಚೋಶು ಪ್ರಾಂತ್ಯದ ಐವರು ಲಂಡನ್ನಿಗೆ ಹೋಗಿ ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ವಿಲಿಯಮ್ಸನ್ನನ ಆಶ್ರಯದಲ್ಲಿ ಓದಿದರು. ಅವರಲ್ಲೊಬ್ಬ ಇತೊ ಹಿರೊಬುಮಿ (1841-1909). ಪರಕೀಯರನ್ನು ಹೊರದಬ್ಬಬೇಕೆಂದು ಹಟ ತೊಟ್ಟಿದ್ದ ಈತ ಅದೇ ವರ್ಷದ ಆರಂಭದಲ್ಲಿ ಬ್ರಿಟಿಷ್ ರಾಯಭಾರ ಕಚೇರಿಗೆ ಬೆಂಕಿಯಿಟ್ಟ ಗುಂಪಿನಲ್ಲಿದ್ದವನು. ಲಂಡನ್ನಿನಲ್ಲಿ ಕೆಲವೇ ತಿಂಗಳು ಕಳೆಯುವಷ್ಟರಲ್ಲಿ ಅವನ ಎಣಿಕೆ ಬದಲಾಯಿತು. ಪಾಶ್ಚಾತ್ಯ ನೌಕಾಪಡೆಗಳು ಚೋಶುವಿನ ಮೇಲೆ ದಾಳಿಗೆ ಸಿದ್ಧವಾಗುತ್ತಿವೆ ಎಂದು ತಿಳಿದೊಡನೆ 1864ರಲ್ಲಿ ಸಂಗಾತಿ ಇನೌಯೆ ಕಾವೊರುವಿನೊಡನೆ ಊರಿಗೆ ಮರಳಿ, ಯುದ್ಧ ಬೇಡವೆಂದು ತನ್ನವರಿಗೆ ಹೇಳಿದ. ಆ ಮಾತಿಗೆ ಆಗ ಬೆಲೆ ಸಿಗಲಿಲ್ಲ, ಚೋಶು ಸೋತಿತು. 1865ರಲ್ಲಿ ಸತ್ಸುಮಾ ಪ್ರಾಂತ್ಯವೂ ಬ್ರಿಟನ್ನಿಗೆ ಒಂದು ತಂಡವನ್ನು ಕಳುಹಿಸಿತು. 1866ರಲ್ಲಿ ನಿಷೇಧ ರದ್ದಾಯಿತು.

1868ರಲ್ಲಿ ಅಧಿಕಾರಕ್ಕೆ ಬಂದ ಮೇಜಿ ಸರ್ಕಾರ ತನ್ನ ಪ್ರತಿಜ್ಞಾಪತ್ರದ ಐದನೆಯ ಅಂಶವಾಗಿ, ಜ್ಞಾನವನ್ನು ಜಗತ್ತಿನ ಎಲ್ಲೆಡೆ ಅರಸಬೇಕೆಂಬ ತತ್ತ್ವವನ್ನು ಸಾರಿತು. ಜಪಾನಿನಲ್ಲಿ ನೆಲೆಸಿದ್ದ ಡಚ್ ಮೂಲದ ಪಾದ್ರಿ ಗುಯಿಡೊ ವರ್ಬೆಕ್ 1869ರಲ್ಲಿ ಒಪ್ಪಿಸಿದ ಟಿಪ್ಪಣಿಯೊಂದು ಇಂಥ ನಿಯೋಗದ ಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟಿತು.

ರಚನೆ ಮತ್ತು ಉದ್ದೇಶ

ಇವಾಕುರಾನ ಕೈಕೆಳಗೆ ನಾಲ್ವರು ಉಪರಾಯಭಾರಿಗಳಿದ್ದರು: ಕಿದೊ ತಕಯೋಶಿ, ಓಕುಬೊ ತೊಶಿಮಿಚಿ, ಇತೊ ಹಿರೊಬುಮಿ ಮತ್ತು ಯಮಾಗುಚಿ ನಾವೊಯೋಶಿ. ಹೊಸ ಸರ್ಕಾರ ನಿಂತಿದ್ದೇ ಇವಾಕುರಾ, ಕಿದೊ, ಓಕುಬೊ ಮೊದಲಾದ ಕೆಲವರ ಬಲದ ಮೇಲೆ. ಅಂಥವರು ಒಟ್ಟಿಗೆ ಊರು ಬಿಟ್ಟದ್ದು ದೊಡ್ಡ ಸಾಹಸ. ಅಧಿಕಾರಿಗಳು, ಪರಿಚಾರಕರು, ವಿದ್ಯಾರ್ಥಿಗಳು ಸೇರಿ ಹಡಗು ಹತ್ತಿದವರು ನೂರಕ್ಕೂ ಹೆಚ್ಚು ಮಂದಿ. ಅವರಲ್ಲಿ ನಲವತ್ತಕ್ಕೂ ಹೆಚ್ಚು ಜನ ವಿದ್ಯಾರ್ಥಿಗಳು. ಒಪ್ಪಂದ ಮಾಡಿಕೊಂಡ ದೇಶಗಳಿಗೆ ಚಕ್ರವರ್ತಿಯ ಓಲೆ ಮುಟ್ಟಿಸುವುದು, ಒಪ್ಪಂದಗಳ ಪರಿಷ್ಕರಣೆಗೆ ಮಾತುಕತೆ ಆರಂಭಿಸುವುದು, ಆ ದೇಶಗಳ ವ್ಯವಸ್ಥೆಗಳನ್ನು ಅಭ್ಯಾಸ ಮಾಡುವುದು – ಇವು ಮೂರು ಉದ್ದೇಶಗಳು.

ಪ್ರಯಾಣ

1872ರ ಜನವರಿಯಲ್ಲಿ ನಿಯೋಗ ಸ್ಯಾನ್ ಫ್ರಾನ್ಸಿಸ್ಕೊ ತಲುಪಿತು. ರೈಲಿನಲ್ಲಿ ಪೂರ್ವಕ್ಕೆ ಹೋಗುವಾಗ ಹಿಮಪಾತದಿಂದ ಎರಡು ವಾರಕ್ಕೂ ಹೆಚ್ಚು ಕಾಲ ಸಾಲ್ಟ್ ಲೇಕ್ ಸಿಟಿಯಲ್ಲಿ ತಂಗಬೇಕಾಯಿತು. ಮಾರ್ಚ್ 4ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಗ್ರಾಂಟ್‌ನ ಭೇಟಿಯಾಯಿತು. ಒಪ್ಪಂದದ ಮಾತಿಗೆ ಕುಳಿತಾಗ ತಮ್ಮ ಬಳಿ ಪೂರ್ಣಾಧಿಕಾರದ ಪತ್ರವೇ ಇಲ್ಲವೆಂಬುದು ಗೊತ್ತಾಗಿ, ಓಕುಬೊ ಮತ್ತು ಇತೊ ಅದನ್ನು ತರಲು ಜಪಾನಿಗೆ ಹೋಗಿ ಬಂದರು. ಅದರಲ್ಲಿ ನಾಲ್ಕು ತಿಂಗಳು ಕಳೆದವು; ಆದರೂ ಮಾತುಕತೆ ಫಲಿಸಲಿಲ್ಲ.

ಈ ಸೋಲಿನ ಅನಂತರ ಅಧ್ಯಯನವೇ ನಿಯೋಗದ ಮುಖ್ಯ ಕೆಲಸವಾಯಿತು. 1872ರ ಆಗಸ್ಟಿನಲ್ಲಿ ಬ್ರಿಟನ್ನಿಗೆ ಹೋಗಿ ಲಿವರ್‌ಪೂಲ್, ಮ್ಯಾಂಚೆಸ್ಟರ್, ಗ್ಲಾಸ್ಗೊ, ನ್ಯೂಕ್ಯಾಸಲ್ ಮೊದಲಾದ ನಗರಗಳ ಹಡಗುಕಟ್ಟೆ, ಬಟ್ಟೆ ಗಿರಣಿ, ಉಕ್ಕಿನ ಕಾರ್ಖಾನೆಗಳನ್ನು ನೋಡಿದರು. ಮುಂದೆ ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ, ರಷ್ಯ, ಡೆನ್ಮಾರ್ಕ್, ಸ್ವೀಡನ್, ಇಟಲಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡ್; ಒಟ್ಟು ಹನ್ನೆರಡು ದೇಶಗಳು. 1873ರ ಮಾರ್ಚಿನಲ್ಲಿ ಬರ್ಲಿನ್ನಿನ ಔತಣಕೂಟದಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್, ಬಲಾಢ್ಯ ದೇಶಗಳು ತಮಗೆ ಅನುಕೂಲವಿರುವಷ್ಟು ದಿನ ಮಾತ್ರ ಅಂತರರಾಷ್ಟ್ರೀಯ ಕಾನೂನನ್ನು ಮನ್ನಿಸುತ್ತವೆ ಎಂದು ಎಚ್ಚರಿಸಿದ. ಆ ಮಾತು ಅತಿಥಿಗಳ ಮನಸ್ಸಿನಲ್ಲಿ ಆಳವಾಗಿ ಊರಿತು. ಹಿಂತಿರುಗುವ ದಾರಿ ಸೂಯೆಜ್ ಕಾಲುವೆ, ಏಡನ್, ಸಿಂಹಳ, ಸಿಂಗಪುರ, ಹಾಂಗ್‌ಕಾಂಗ್ ಮೂಲಕ ಸಾಗಿತು.

ಕುಮೆಯ ದಾಖಲೆ

ಪ್ರಯಾಣದ ಉದ್ದಕ್ಕೂ ಟಿಪ್ಪಣಿ ಬರೆದವನು ಕನ್ಫ್ಯೂಷಿಯನ್ ವಿದ್ವಾಂಸ ಕುಮೆ ಕುನಿತಾಕೆ. ಅವನ 'ಬೇಯೋ ಕೈರಾನ್ ಜಿಕ್ಕಿ' 1878ರಲ್ಲಿ ಐದು ಸಂಪುಟಗಳಾಗಿ, ನೂರು ಅಧ್ಯಾಯಗಳಲ್ಲಿ ಪ್ರಕಟವಾಯಿತು. ಕಂಡದ್ದನ್ನು ಹೊಗಳಿ ಮುಗಿಸದೆ ಕಾರಣ ಹುಡುಕಿದ್ದು ಈ ಗ್ರಂಥದ ಹಿರಿಮೆ. ಯೂರೋಪಿನ ಸಿರಿ ಅನಾದಿಯದಲ್ಲ, ಹಬೆಯಂತ್ರ ಮತ್ತು ರೈಲು ಬಂದ ಮೇಲಿನ ಸುಮಾರು ನಲವತ್ತು ವರ್ಷಗಳ ದುಡಿಮೆಯ ಫಲ ಎಂದು ಕುಮೆ ಗುರುತಿಸಿದ. ಹಾಗಿದ್ದಮೇಲೆ ಆ ಅಂತರವನ್ನು ಜಪಾನೂ ದಾಟಬಲ್ಲದು ಎಂಬ ಭರವಸೆ ಇದರಿಂದ ಹುಟ್ಟಿತು. ಸರ್ಕಾರದ ಹಣದಲ್ಲಿ ಕಂಡದ್ದು ಪ್ರಜೆಗಳಿಗೂ ತಿಳಿಯಬೇಕೆಂಬ ಹೊಣೆಗಾರಿಕೆಯೂ ಈ ಪ್ರಕಟಣೆಯಲ್ಲಿದೆ.

ವಿದ್ಯಾರ್ಥಿಗಳು

ಮಂತ್ರಿಗಳು ನೋಡಿ ಬಂದರು. ವಿದ್ಯಾರ್ಥಿಗಳು ಇದ್ದು ಬಂದರು. ನಿಯೋಗದ ಶಾಶ್ವತ ಫಲವನ್ನು ಈ ಎರಡನೆಯ ವರ್ಗದಲ್ಲೇ ಹೆಚ್ಚಾಗಿ ಕಾಣಬೇಕು. ನಕಾಯೆ ಚೋಮಿನ್ ಫ್ರಾನ್ಸಿನಲ್ಲಿ ಓದಿ, ರೂಸೊನ ವಿಚಾರಗಳನ್ನು ಜಪಾನಿಗೆ ತಂದು ಪ್ರಜಾಹಕ್ಕಿನ ಚಳವಳಿಗೆ ದನಿಯಾದ. ಕಾನೆಕೊ ಕೆಂತಾರೊ ಹಾರ್ವರ್ಡಿನಲ್ಲಿ ಕಾನೂನು ಕಲಿತು 1889ರ ಮೇಜಿ ಸಂವಿಧಾನದ ಕರಡು ರಚನೆಯಲ್ಲಿ ಇತೊಗೆ ನೆರವಾದ. ದಾನ್ ತಾಕುಮಾ ಬಾಸ್ಟನ್ನಿನಲ್ಲಿ ಗಣಿಶಾಸ್ತ್ರ ಕಲಿತು ಮಿತ್ಸುಯಿ ಉದ್ಯಮ ಸಮೂಹದ ಚುಕ್ಕಾಣಿ ಹಿಡಿದ. 1864ರಲ್ಲಿ ಕದ್ದು ಹಡಗು ಹತ್ತಿ ಹೋಗಿ ಆಮ್‌ಹರ್ಸ್ಟ್ ಕಾಲೇಜಿನ ಪದವೀಧರನಾಗಿದ್ದ ನೀಜಿಮಾ ಜೋ ಅಮೆರಿಕದಲ್ಲಿ ನಿಯೋಗಕ್ಕೆ ದುಭಾಷಿಯಾಗಿ ಸೇರಿದ. 1875ರಲ್ಲಿ ಕ್ಯೋಟೊದಲ್ಲಿ ದೋಶಿಶಾ ಶಾಲೆಯನ್ನು ಕಟ್ಟಿದ.

ಐವರು ಬಾಲಕಿಯರು

ಹೊಕ್ಕೈದೊ ಅಭಿವೃದ್ಧಿ ಇಲಾಖೆಯ ಕುರೊದಾ ಕಿಯೊತಾಕಾನ ಒತ್ತಾಸೆಯಿಂದ ಐದು ಹೆಣ್ಣುಮಕ್ಕಳನ್ನು ಹತ್ತು ವರ್ಷದ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಕಳುಹಿಸಲಾಯಿತು. ಹಿರಿಯರಿಬ್ಬರು ಒಂದು ವರ್ಷದೊಳಗೇ ಹಿಂತಿರುಗಿದರು. ಉಳಿದವರು ಹನ್ನೊಂದರ ಯಮಾಕಾವಾ ಸುತೆಮಾತ್ಸು, ಅವಳಿಗಿಂತ ಕಿರಿಯಳಾದ ನಗಾಯ್ ಶಿಗೆಕೊ ಮತ್ತು ಇನ್ನೂ ಏಳು ತುಂಬದ ತ್ಸುದಾ ಉಮೆಕೊ. ಸುತೆಮಾತ್ಸುವಿನ ಮನೆತನ 1868ರ ಅಂತರ್ಯುದ್ಧದಲ್ಲಿ ಸೋತ ಪಕ್ಷದ್ದು. ಮಗಳನ್ನು ಬೀಳ್ಕೊಡುವಾಗ ತಾಯಿ ಆಕೆಯ ಹೆಸರನ್ನೇ ಬದಲಿಸಿದಳು. ಹೊಸ ಹೆಸರಿನಲ್ಲಿ ತೊರೆಯುವುದು ಮತ್ತು ಕಾಯುವುದು ಎಂಬ ಎರಡು ಅರ್ಥಗಳೂ ಸೇರಿದ್ದವು.

ಸುತೆಮಾತ್ಸು ನ್ಯೂ ಹೇವನ್ನಿನ ಪಾದ್ರಿ ಲೆನರ್ಡ್ ಬೇಕನ್ನನ ಮನೆಯ ಮಗಳಾಗಿ ಬೆಳೆದು 1882ರಲ್ಲಿ ವಾಸರ್ ಕಾಲೇಜಿನಿಂದ ತೇರ್ಗಡೆಯಾದಳು. ಕಾಲೇಜು ಪದವಿ ಪಡೆದ ಮೊದಲ ಜಪಾನೀ ಮಹಿಳೆ ಈಕೆ. ಶಿಗೆಕೊ ಅದೇ ಕಾಲೇಜಿನಲ್ಲಿ ಸಂಗೀತ ಕಲಿತಳು. ಉಮೆಕೊ ವಾಷಿಂಗ್ಟನ್ನಿನ ಜಾರ್ಜ್‌ಟೌನಿನಲ್ಲಿ ಲ್ಯಾನ್ಮನ್ ದಂಪತಿಗಳ ಮಡಿಲಲ್ಲಿ ಬೆಳೆದಳು. 1882ರಲ್ಲಿ ಹದಿನೇಳರ ಹರೆಯದಲ್ಲಿ ಮರಳಿದಾಗ ತಾಯ್ನುಡಿ ಮರೆತುಹೋಗಿತ್ತು. ಅವರನ್ನು ಕಳುಹಿಸಿದ್ದ ಇಲಾಖೆ ಅಷ್ಟರಲ್ಲಿ ರದ್ದಾಗಿತ್ತು. ಕಲಿತ ಹೆಣ್ಣುಮಕ್ಕಳಿಗೆ ಯಾವ ಕೆಲಸ ಕೊಡಬೇಕೆಂಬ ಯೋಚನೆಯನ್ನು ಯಾರೂ ಮಾಡಿರಲಿಲ್ಲ.

ಉಮೆಕೊ ತನ್ನ ನುಡಿಯನ್ನು ಮತ್ತೆ ಕಲಿತಳು, ಕುಲೀನ ಕನ್ಯೆಯರ ಶಾಲೆಯಲ್ಲಿ ಪಾಠ ಹೇಳಿದಳು. 1889ರಿಂದ 1892ರವರೆಗೆ ಬ್ರಿನ್ ಮಾರ್ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದಳು. ಥಾಮಸ್ ಹಂಟ್ ಮಾರ್ಗನ್‌ನೊಡನೆ ಕಪ್ಪೆಯ ಮೊಟ್ಟೆಯ ಮೇಲೆ ನಡೆಸಿದ ಸಂಶೋಧನೆ 1894ರಲ್ಲಿ ಪ್ರಕಟವಾಯಿತು. ಜಪಾನೀ ಹೆಣ್ಣುಮಕ್ಕಳು ಅಮೆರಿಕದಲ್ಲಿ ಓದಲೆಂದು ಹಣ ಕೂಡಿಸಿ ವಿದ್ಯಾರ್ಥಿವೇತನವನ್ನೂ ಸ್ಥಾಪಿಸಿದಳು. 1900ರಲ್ಲಿ ತೋಕಿಯೊದಲ್ಲಿ ಹತ್ತು ವಿದ್ಯಾರ್ಥಿನಿಯರೊಡನೆ ಈಕೆ ತೆರೆದ ಶಾಲೆಯೇ ಇಂದಿನ ತ್ಸುದಾ ವಿಶ್ವವಿದ್ಯಾಲಯ. ಸುತೆಮಾತ್ಸು ಇದಕ್ಕೆ ಬೆಂಬಲವಾಗಿ ನಿಂತಳು. ಬೇಕನ್ ಮನೆಯ ಮಗಳು ಆಲಿಸ್ ಅಮೆರಿಕದಿಂದ ಬಂದು ಪಾಠ ಹೇಳಿದಳು. ಒಬ್ಬಳು ಆ ಮನೆಯಲ್ಲಿ ಬೆಳೆದುದರಿಂದ ಆ ಮನೆಯವಳೂ ಜಪಾನನ್ನು ಅರಿತಳು.

ಪರಿಣಾಮಗಳು

1873ರಲ್ಲಿ ಕೊರಿಯದ ಮೇಲೆ ಯುದ್ಧ ಹೂಡುವ ಆಲೋಚನೆ ಎದ್ದಾಗ, ಮರಳಿ ಬಂದ ಇವಾಕುರಾ, ಓಕುಬೊ ಮತ್ತು ಕಿದೊ ಅದನ್ನು ತಡೆದರು. ದೇಶದೊಳಗಿನ ಸುಧಾರಣೆಯೇ ಮೊದಲು ಎಂಬುದು ಅವರ ವಾದ. ಓಕುಬೊ ಗೃಹಮಂತ್ರಿಯಾಗಿ ಕೈಗಾರಿಕೆಗೆ ಒತ್ತು ಕೊಟ್ಟ. ಇತೊ 1885ರಲ್ಲಿ ಜಪಾನಿನ ಮೊದಲ ಪ್ರಧಾನಿಯಾದ. ನಿಯೋಗಕ್ಕೆ ದಕ್ಕದ ಒಪ್ಪಂದ ಪರಿಷ್ಕರಣೆ 1894ರಲ್ಲಿ ಬ್ರಿಟನ್ನಿನೊಡನೆ ಆರಂಭವಾಗಿ, 1911ರಲ್ಲಿ ಸುಂಕದ ಸ್ವಾತಂತ್ರ್ಯದೊಂದಿಗೆ ಪೂರ್ಣವಾಯಿತು.

ಮಿತಿಗಳು

ಯೂರೋಪಿನ ಕಾರ್ಖಾನೆಯನ್ನು ಕಲಿತವರು ಅದರ ಸಾಮ್ರಾಜ್ಯದಾಹವನ್ನೂ ಕಲಿತರು. ಕೊರಿಯ ಜಪಾನಿನ ರಕ್ಷಿತ ಪ್ರದೇಶವಾದಾಗ ಅದರ ಮೇಲೆ ಮೊದಲ ರೆಸಿಡೆಂಟ್ ಜನರಲ್ ಆಗಿ ಕುಳಿತವನು ಇತೊ. 1909ರಲ್ಲಿ ಹಾರ್ಬಿನ್‌ನಲ್ಲಿ ಕೊರಿಯದ ದೇಶಭಕ್ತ ಆನ್ ಜುಂಗ್-ಗುನ್ ಆತನನ್ನು ಗುಂಡಿಟ್ಟು ಕೊಂದ. ಮರುವರ್ಷ ಜಪಾನ್ ಕೊರಿಯವನ್ನು ನುಂಗಿತು. ದೂರದ ಲಂಡನ್ನನ್ನು ಅರಿತ ಕಣ್ಣು ನೆರೆಯ ಕೊರಿಯವನ್ನು ಸಮಾನವಾಗಿ ಕಾಣಲಿಲ್ಲ. ಬಲವುಳ್ಳವರಿಂದ ಕಲಿಯುವುದಷ್ಟೇ ಸಾಂಸ್ಕೃತಿಕ ಅರಿವಲ್ಲ. ಬಲವಿಲ್ಲದವರನ್ನು ಗೌರವಿಸುವುದೂ ಅದರ ಭಾಗ.

ಮೈಸೂರಿನ ನಂಟು

ನಿಯೋಗ ರೂಪಿಸಿದ ಜಪಾನನ್ನು ಕಾಣಲು ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಅಲ್ಲಿಗೆ ಹೋಗಿ ಸುಮಾರು ಮೂರು ತಿಂಗಳು ಇದ್ದರು. ಆಗ ಅವರು ಮುಂಬಯಿ ಪ್ರಾಂತ್ಯದಲ್ಲಿ ಎಂಜಿನಿಯರ್. ಸರ್ಕಾರವೇ ಮುಂದೆ ನಿಂತು ಶಿಕ್ಷಣ ಮತ್ತು ಕೈಗಾರಿಕೆಗಳನ್ನು ಬೆಳೆಸಬೇಕೆಂಬ ಅವರ ನಿಲುವಿಗೆ ಜಪಾನಿನ ಉದಾಹರಣೆ ಬಲ ನೀಡಿತು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕ್ (1913), ಮೈಸೂರು ವಿಶ್ವವಿದ್ಯಾನಿಲಯ (1916) ಆರಂಭವಾದವು. 1920ರಲ್ಲಿ ಪ್ರಕಟವಾದ 'ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ' ಗ್ರಂಥದಲ್ಲಿ ಅವರು ಜಪಾನಿನ ನಿದರ್ಶನವನ್ನು ಮುಂದಿಟ್ಟಿದ್ದಾರೆ.

ಸ್ಥಾನಮಾನ

ಒಪ್ಪಂದದ ದೃಷ್ಟಿಯಿಂದ ಇವಾಕುರಾ ನಿಯೋಗ ವಿಫಲ. ಕಲಿಕೆಯ ದೃಷ್ಟಿಯಿಂದ ಅದಕ್ಕೆ ಸಾಟಿ ವಿರಳ. ಕಲಿಯಲು ಹೋದವರಿಗೆ ಕಲಿತದ್ದನ್ನು ಜಾರಿಗೆ ತರುವ ಅಧಿಕಾರವಿತ್ತು. ಚಿಕ್ಕವರಿಗೆ ದೀರ್ಘಕಾಲ ಅಲ್ಲಿದ್ದು ಬೆಳೆಯುವ ಅವಕಾಶವಿತ್ತು. ಈ ಎರಡೂ ಕೂಡಿದ್ದೇ ಅದರ ಯಶಸ್ಸಿನ ಮೂಲ. 2024ರ ಜುಲೈಯಲ್ಲಿ ಜಪಾನ್ ಚಲಾವಣೆಗೆ ತಂದ ಹೊಸ ನೋಟುಗಳಲ್ಲಿರುವ ಮೂವರೂ ವಿದೇಶದಲ್ಲಿ ಕಲಿತವರೇ. ಹತ್ತು ಸಾವಿರ ಯೆನ್ ನೋಟಿನಲ್ಲಿರುವುದು 1867ರಲ್ಲಿ ಪ್ಯಾರಿಸ್ಸಿಗೆ ಹೋಗಿ ಬ್ಯಾಂಕು, ಕಂಪನಿಗಳ ವ್ಯವಸ್ಥೆ ಕಲಿತ ಶಿಬುಸಾವಾ ಎಯಿಚಿ. ಒಂದು ಸಾವಿರದ ನೋಟಿನಲ್ಲಿ ಬರ್ಲಿನ್ನಿನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್‌ನ ಬಳಿ ದುಡಿದ ಕಿತಾಸಾತೊ ಶಿಬಾಸಾಬುರೊ. ಐದು ಸಾವಿರದ ನೋಟಿನಲ್ಲಿ, ಏಳು ತುಂಬುವ ಮೊದಲೇ ಹಡಗು ಹತ್ತಿದ ತ್ಸುದಾ ಉಮೆಕೊ.