ಉಸಿರಿನ ಸಾಕ್ಷ್ಯ: ಅರ್ಬುದರೋಗ ಶೋಧನೆಯ ಒಂದು ಚಾರಿತ್ರಿಕ ಅವಲೋಕನ

ರೋಗಿಯ ದೇಹಗಂಧದಿಂದ ವ್ಯಾಧಿಯನ್ನು ಊಹಿಸುವ ಪದ್ಧತಿ ಪ್ರಾಚೀನವಾದುದು. ಚರಕಸಂಹಿತೆಯು ರೋಗಪರೀಕ್ಷೆಯಲ್ಲಿ ಘ್ರಾಣಕ್ಕೂ ಸ್ಥಾನವನ್ನಿತ್ತಿದೆ. ಆದರೆ ಈ ಊಹೆಯು ಸೂಕ್ಷ್ಮವಾದ ಅಳತೆಯಾಗಿ ಮಾರ್ಪಡಲು ಬಹುಕಾಲ ಹಿಡಿಯಿತು. 1971ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಮಾನವನ ಉಸಿರಿನಲ್ಲಿ ಸುಮಾರು 250 ಬಗೆಯ ಆವಿವಸ್ತುಗಳನ್ನು ಗುರುತಿಸಿದರು. 1985ರಲ್ಲಿ ಗಾರ್ಡನ್ ಮೊದಲಾದವರು ಶ್ವಾಸಕೋಶದ ಅರ್ಬುದ, ಎಂದರೆ ಕ್ಯಾನ್ಸರ್, ಉಳ್ಳವರ ಉಸಿರು ಇತರರದಕ್ಕಿಂತ ಭಿನ್ನವೆಂದು ಪ್ರಕಟಿಸಿದರು. ಈಚೆಗೆ ಬೆಂಗಳೂರಿನ ಡಾಗ್ನೋಸಿಸ್ ಸಂಸ್ಥೆಯು ಮುಖಗವಸಿನಲ್ಲಿ ಸಂಗ್ರಹಿಸಿದ ಉಸಿರನ್ನು ಶಿಕ್ಷಿತ ನಾಯಿಗಳಿಂದ ಪರೀಕ್ಷಿಸುವ ಪ್ರಯೋಗವನ್ನು ಕೈಕೊಂಡಿದೆ.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ರೈತನಿಗೆ ಇದರಿಂದೇನು ಪ್ರಯೋಜನ? ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯು 1973ರಲ್ಲಿಯೇ ಸ್ಥಾಪಿತವಾದರೂ, ಪಯಣದ ವೆಚ್ಚಕ್ಕೂ ಕಳೆದುಹೋಗುವ ಕೂಲಿಗೂ ಅಂಜಿ, ರೋಗವು ಬಲಿತ ಮೇಲೆ ಹೊರಡುವವರುಂಟು. ಉಸಿರಿನ ಮಾದರಿಯನ್ನು ಊರಿನಲ್ಲಿಯೇ ಪಡೆದು ಕಳುಹಿಸುವಂತಾದರೆ, ಮೊದಲ ಪಯಣವು ರೋಗಿಯದಾಗದೆ ಮಾದರಿಯದಾಗುವುದು.

ಆದರೂ ಎಚ್ಚರಿಕೆಯು ಅವಶ್ಯಕ. ಆಹಾರ, ಧೂಮಪಾನ, ಸುತ್ತಲಿನ ಗಾಳಿ ಇವೆಲ್ಲವೂ ಉಸಿರಿನ ಘಟಕಗಳನ್ನು ಬದಲಿಸುತ್ತವೆ. ಒಂದು ಪ್ರಯೋಗಶಾಲೆಯ ಫಲಿತಾಂಶವು ಮತ್ತೊಂದರದರೊಡನೆ ಹೊಂದದಿರುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ಉಸಿರು ಶಂಕೆಯನ್ನು ಸೂಚಿಸಬಲ್ಲುದೇ ಹೊರತು ನಿರ್ಣಯವನ್ನು ನೀಡಲಾರದು. ನಿರ್ಣಯವು ಅಂಗಾಂಶ ಪರೀಕ್ಷೆಗೆ ಸೇರಿದುದು. ಒಂಟಿ ಸಾಕ್ಷ್ಯವನ್ನು ಬೇರೊಂದರಿಂದ ದೃಢಪಡಿಸದೆ ಅಂಗೀಕರಿಸಬಾರದೆಂಬ ನಿಯಮವು ಇತಿಹಾಸಕಾರನಿಗೆಂತೋ ವೈದ್ಯನಿಗೂ ಅಂತೆಯೇ ಅನ್ವಯಿಸುತ್ತದೆ.